ಗಂಡಭೇರುಂಡಕ್ಕೆ ಎರಡು ನಳಿಗೆ ಇರಲಿ, ಅದರ ಬೆಲೆಯೂ ಕಾಣಲಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಗದಗ ಕಡೆಯವನು. ಇಬ್ಬರು ಗೆಳೆಯರ ಜೊತೆ ಸೇರಿ ಒಂದು ಗೇಮ್ ಮಾಡುತ್ತಿದ್ದೇನೆ. ಕಥೆ ಮುಂದಿನ ಶತಮಾನದ್ದು. ನಡೆಯುವುದು ನಮ್ಮ ಎರೆ ಭೂಮಿಯಲ್ಲಿ, ತುಂಗಭದ್ರೆಯ ದಂಡೆಯಲ್ಲಿ. ಅದಕ್ಕಾಗಿ ‘ಗಂಡಭೇರುಂಡ’ ಎಂಬ ಟ್ಯಾಂಕ್ ಬರೆದಿದ್ದೇನೆ. ತೂಕ 120 ಟನ್, ಎರಡು ಟರೆಟ್ (ಫಿರಂಗಿ ಹೊತ್ತು ಮೇಲೆ ತಿರುಗುವ ಗೋಪುರ), ಗಂಟೆಗೆ 90 ಕಿ.ಮೀ. ವೇಗ, ನದಿಯಲ್ಲಿ ಈಜುತ್ತದೆ. ಸೇನೆಯಿಂದ ನಿವೃತ್ತರಾದ ನಮ್ಮೂರಿನ ಹಿರಿಯರೊಬ್ಬರು ಚಿತ್ರ ನೋಡಿ ‘ಇದು ತೇರು ಕಣಪ್ಪ, ಟ್ಯಾಂಕ್ ಅಲ್ಲ’ ಅಂದರು. ಒಬ್ಬ ಗೆಳೆಯ ನಮ್ಮ ಸೇನೆಯ ಅರ್ಜುನ್ ಟ್ಯಾಂಕನ್ನೇ ಸ್ವಲ್ಪ ಬದಲಿಸಿ ಹಾಕೋಣ ಅನ್ನುತ್ತಾನೆ. ಇನ್ನೊಬ್ಬ, ಗೇಮ್ ಅಂದ್ಮೇಲೆ ಏನು ಬೇಕಾದರೂ ಮಾಡಬಹುದು ಅನ್ನುತ್ತಾನೆ. ಎಷ್ಟು ನಿಜ ಇರಬೇಕು? ಎಷ್ಟು ಕಲ್ಪನೆ ಇರಬಹುದು?

ಉತ್ತರ: ನಿಮ್ಮ ಚಿತ್ರಗಳನ್ನು ಎರಡು ದಿನ ಎದುರಿಗಿಟ್ಟುಕೊಂಡು ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಹೆಸರು ತುಂಬಾ ಚೆನ್ನಾಗಿದೆ. ಎರಡು ತಲೆಯ ಹಕ್ಕಿಯ ಹೆಸರು ಎರಡು ಟರೆಟ್‌ನ ಟ್ಯಾಂಕಿಗೆ. ಆಟಗಾರ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಯಾರು ಏನೇ ಅಂದರೂ ಅದನ್ನು ಬಿಡಬೇಡಿ.

ಹಿರಿಯರ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಅದರಲ್ಲಿ ವಿಷಯ ಇದೆ. ಅವರಿಗೆ ಚುಚ್ಚಿದ್ದು ಎರಡು ಟರೆಟ್ ಇರಲಾರದು ಅಂತ ನನ್ನ ಅನಿಸಿಕೆ. ನಿಮ್ಮ ಟ್ಯಾಂಕಿಗೆ ಎಲ್ಲವೂ ಪುಕ್ಕಟೆ ಸಿಕ್ಕಿದೆ. ಭಾರ ಇದೆ, ಆದರೂ ಓಡುತ್ತದೆ. ಫಿರಂಗಿ ಎರಡಿವೆ, ಆದರೂ ಒಳಗೆ ಬೇಕಾದಷ್ಟು ಜಾಗ ಇದೆ. ಕವಚ ದಪ್ಪ, ಆದರೂ ತೇಲುತ್ತದೆ. ವರ್ಷಗಟ್ಟಲೆ ಟ್ಯಾಂಕಿನೊಳಗೆ ಕೂತವರಿಗೆ ಇದು ಥಟ್ಟನೆ ಗೊತ್ತಾಗುತ್ತದೆ. ಅವರ ಗಾಡಿಯಲ್ಲಿ ಒಂದು ಬೇಕಿದ್ದರೆ ಇನ್ನೊಂದನ್ನು ಬಿಡಲೇಬೇಕಿತ್ತು. ಕಾಲು ಚಾಚಲು ಜಾಗ ಬಿಟ್ಟು ಗುಂಡು ಇಟ್ಟುಕೊಂಡಿದ್ದಾರೆ. ವೇಗ ಬಿಟ್ಟು ಉಕ್ಕು ಹೊತ್ತಿದ್ದಾರೆ.

ಹಾಗಾಗಿ ನಿಜ ಎಷ್ಟು ಪಾಲು, ಕಲ್ಪನೆ ಎಷ್ಟು ಪಾಲು ಅಂತ ನಾನು ಅಳೆಯುವುದಿಲ್ಲ. ನಿಮಗೆ ಬೇಕಾದ್ದನ್ನು ಕಲ್ಪಿಸಿ. ಆದರೆ ಅದಕ್ಕಾಗಿ ಈ ಗಾಡಿ ಏನನ್ನು ಕಳೆದುಕೊಂಡಿತು ಅನ್ನುವುದು ನೋಡಿದವರಿಗೆ ಕಾಣಬೇಕು. ಇಷ್ಟು ವರ್ಷ ಗೇಮ್‌ಗಳಿಗೆ ಗಾಡಿ ಬರೆದು ನಾನು ಕಲಿತದ್ದು ಇದೊಂದೇ ಅಂದರೂ ನಡೆಯುತ್ತದೆ.

ಇದನ್ನು ಕಲಿತದ್ದು ಒಬ್ಬ ನಿವೃತ್ತ ಸೈನಿಕರಿಂದಲೇ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಟ್ಯಾಂಕ್ ಮಾಡೆಲ್ ಮಾಡಿದ್ದೆ. ಟರೆಟ್ ತೆಳ್ಳಗೆ, ಚಪ್ಪಟೆಯಾಗಿ, ಬಾಣದ ತುದಿಯ ಹಾಗಿತ್ತು. ಎಲ್ಲರಿಗೂ ಇಷ್ಟವಾಗಿತ್ತು. ಸಹೋದ್ಯೋಗಿಯೊಬ್ಬರ ತಂದೆ ಒಂದು ದಿನ ಆಫೀಸಿಗೆ ಬಂದಿದ್ದರು. ಟ್ಯಾಂಕ್ ರೆಜಿಮೆಂಟಿನಲ್ಲಿ ಗನ್ನರ್ ಆಗಿದ್ದವರು. ಪರದೆಯನ್ನು ಸ್ವಲ್ಪ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಮಗಾ, ಗುಂಡು ಎಲ್ಲಿಂದ ಹಾಕ್ತೀರಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ನಳಿಗೆಯನ್ನು ಟರೆಟ್‌ನ ಮುಖಕ್ಕೆ ಅಂಟಿಸಿದ್ದೆ, ಅಷ್ಟೇ. ನಳಿಗೆ ಒಳಗಡೆಗೂ ಇರುತ್ತದೆ ಅನ್ನುವ ಯೋಚನೆಯೇ ಬಂದಿರಲಿಲ್ಲ. ಗುಂಡು ತುಂಬುವ ಭಾರವಾದ ಹಿಂಭಾಗಕ್ಕೆ ಬ್ರೀಚ್ ಅನ್ನುತ್ತಾರೆ. ಅದು ಟರೆಟ್‌ನ ಮಧ್ಯದವರೆಗೂ ಬಂದಿರುತ್ತದೆ. ಗುಂಡು ಹಾರಿದಾಗ ಇನ್ನಷ್ಟು ಹಿಂದಕ್ಕೆ ಒದೆಯುತ್ತದೆ. ಅದರ ಪಕ್ಕದಲ್ಲೇ ಜನ ಕೂತಿರುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಒಂದು ಭಾಗ ಅರ್ಥವಾದರೆ ಟ್ಯಾಂಕಿನ ಅರ್ಧ ಆಕಾರ ಅರ್ಥವಾದ ಹಾಗೆ. ನಳಿಗೆ ಏತದ ಮರದ ಹಾಗೆ. ಮುಂದಿನ ತುದಿ ಕೆಳಗಿಳಿದರೆ ಹಿಂದಿನ ತುದಿ ಮೇಲೇರುತ್ತದೆ. ಮೇಲೇರಿದ ಬ್ರೀಚ್ ಟರೆಟ್‌ನ ಚಾವಣಿಗೆ ತಾಗುತ್ತದೆ. ಚಾವಣಿ ತಗ್ಗಾಗಿದ್ದಷ್ಟೂ ನಳಿಗೆ ಕೆಳಗೆ ಬಾಗುವುದು ಕಡಿಮೆ. ಸೋವಿಯತ್ ಟಿ-72 ನೋಡಿ. ನಮ್ಮ ಸೇನೆಯಲ್ಲಿ ಇದರ ಹೆಸರು ಅಜೇಯ. ಟರೆಟ್ ಚಾವಣಿವರೆಗೆ ಅದರ ಎತ್ತರ ಸುಮಾರು 2.2 ಮೀಟರ್ ಮಾತ್ರ. ಗುಂಡು ತುಂಬಲು ಯಂತ್ರ ಇದೆ. ತಳದಲ್ಲಿ ಬುಗುರಿಯ ಹಾಗೆ ತಿರುಗುವ ತಟ್ಟೆಯಲ್ಲಿ 22 ಗುಂಡು. ಹಾಗಾಗಿ ಗುಂಡು ತುಂಬುವ ನಾಲ್ಕನೆಯವರು ಬೇಡ, ಮೂರೇ ಜನ. ಇಷ್ಟು ಕುಳ್ಳಗಿರುವುದರಿಂದ ಶತ್ರುವಿನ ಕಣ್ಣಿಗೆ ಬೀಳುವುದು ಕಷ್ಟ. ಆದರೆ ನಳಿಗೆ ಸುಮಾರು 6 ಡಿಗ್ರಿ ಮಾತ್ರ ಕೆಳಗೆ ಬಾಗುತ್ತದೆ. ಅಮೆರಿಕದ ಏಬ್ರಮ್ಸ್ 10 ಡಿಗ್ರಿ ಬಾಗಿಸುತ್ತದೆ. ಅದರ ಟರೆಟ್ ಎತ್ತರ, ದೊಡ್ಡದು.

ನಾಲ್ಕು ಡಿಗ್ರಿಯಲ್ಲಿ ಏನಿದೆ ಅನ್ನಬಹುದು. ಒಂದು ದಿಣ್ಣೆಯ ಹಿಂದೆ ಅಡಗಿದ್ದೀರಿ ಅಂದುಕೊಳ್ಳಿ. ಟರೆಟ್ ಮಾತ್ರ ಮೇಲೆ ಕಾಣಬೇಕು, ಮೈ ಕೆಳಗಿರಬೇಕು. ಮುಂದಿನ ಇಳಿಜಾರಿನಲ್ಲಿರುವ ಶತ್ರುವಿಗೆ ಗುರಿ ಇಡಲು ನಳಿಗೆ ಬಾಗಬೇಕು. ಬಾಗದಿದ್ದರೆ ಗಾಡಿ ಇನ್ನೂ ಮುಂದೆ ಹತ್ತಬೇಕು. ಆಗ ಮೈಯೆಲ್ಲ ಬಯಲಾಗುತ್ತದೆ. ವರ್ಲ್ಡ್ ಆಫ್ ಟ್ಯಾಂಕ್ಸ್ ಆಡುವ ಹುಡುಗರಿಗೆ ಇದನ್ನು ಯಾರೂ ಪಾಠ ಮಾಡಬೇಕಿಲ್ಲ. ನಳಿಗೆ ಬಾಗುವ ಟ್ಯಾಂಕ್ ಇದ್ದವರು ಗುಡ್ಡದ ಕಡೆ ಹೋಗುತ್ತಾರೆ. ಬಾಗದವರು ಬೇರೆ ದಾರಿ ಹಿಡಿಯುತ್ತಾರೆ. ಎಲ್ಲೋ ಒಬ್ಬ ಎಂಜಿನಿಯರ್ ಚಾವಣಿಯನ್ನು ಒಂದು ಗೇಣು ಇಳಿಸಿದ್ದು, ಹತ್ತಾರು ವರ್ಷ ಕಳೆದ ಮೇಲೆ ಆಟಗಾರನೊಬ್ಬ ಯಾವ ದಾರಿ ಹಿಡಿಯಬೇಕು ಅಂತ ತೀರ್ಮಾನಿಸುತ್ತದೆ. ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದೇ ಇಂಥ ಕಡೆ. ನಿಜವಾದ ಯಂತ್ರದ ಕೊರತೆಯೇ ಆಟಕ್ಕೆ ರುಚಿ ಕೊಡುತ್ತದೆ. ಕೊರತೆ ಇಲ್ಲದ ಟ್ಯಾಂಕ್ ಆಡಲು ಬೇಜಾರು.

ಈಗ ಗಂಡಭೇರುಂಡದ ಲೆಕ್ಕ ಹಾಕೋಣ. ಸುಲಭದ ಲೆಕ್ಕ, ಹೆದರಬೇಡಿ.

ನಿಮ್ಮ ಚಿತ್ರದ ಅಳತೆಯ ಪ್ರಕಾರ ಚೈನಿನ, ಅಂದರೆ ಗಾಲಿಗಳ ಸುತ್ತ ಓಡುವ ಉಕ್ಕಿನ ಪಟ್ಟಿಯ, ಅಗಲ 60 ಸೆಂ.ಮೀ. ನೆಲಕ್ಕೆ ತಾಗುವ ಉದ್ದ 5 ಮೀಟರ್. ಎರಡು ಚೈನ್ ಸೇರಿ 60,000 ಚದರ ಸೆಂ.ಮೀ. ಅದರ ಮೇಲೆ 1,20,000 ಕೆ.ಜಿ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 2 ಕೆ.ಜಿ. ಇದು ಜಾಸ್ತಿಯೋ ಕಡಿಮೆಯೋ? ನಾವು ನಡೆಯುವಾಗ ಒಂದು ಕಾಲಿನ ಕೆಳಗೆ ಹೆಚ್ಚುಕಡಿಮೆ ಅರ್ಧ ಕೆ.ಜಿ. ಬೀಳುತ್ತದೆ. 58.5 ಟನ್‌ನ ಅರ್ಜುನ್ ಟ್ಯಾಂಕಿನದು ಸುಮಾರು 0.85. ಕಾರಿನ ಟೈರಿಗೆ 30 ಪೌಂಡ್ ಗಾಳಿ ಹಿಡಿಸುತ್ತೇವಲ್ಲ, ಅದು ಹೆಚ್ಚುಕಡಿಮೆ ನಿಮ್ಮ 2 ಕೆ.ಜಿ.ಗೆ ಸಮ. ಅಂದರೆ ಗಂಡಭೇರುಂಡ ನೆಲವನ್ನು ಒತ್ತುವುದು ಒಂದು ಕಾರು ಒತ್ತಿದಷ್ಟು.

ಮಳೆಗಾಲದಲ್ಲಿ ಎರೆ ಹೊಲಕ್ಕೆ ಕಾರು ಇಳಿಸಿದರೆ ಏನಾಗುತ್ತದೆ ಅಂತ ಗದಗಿನವರಿಗೆ ನಾನು ಹೇಳಬೇಕಾ? ಚಪ್ಪಲಿ ಕೂಡ ಕಿತ್ತುಕೊಳ್ಳುವ ಮಣ್ಣು ಅದು. ಭತ್ತದ ಗದ್ದೆ ಉಳುವವರು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವ್ಹೀಲ್ ಕಟ್ಟುವುದನ್ನು ನೋಡಿರುತ್ತೀರಿ. ಭಾರ ಅಷ್ಟೇ, ತಾಗುವ ಜಾಗ ಜಾಸ್ತಿ. ನಿಮ್ಮ ಟ್ಯಾಂಕಿಗೂ ಅದೇ ಬುದ್ಧಿ ಬೇಕು.

ಚೈನನ್ನು ಅಗಲ ಮಾಡಬಹುದು. 1 ಮೀಟರ್ ಅಗಲ, 6 ಮೀಟರ್ ಉದ್ದ ಮಾಡಿದರೆ ಒತ್ತಡ 1 ಕೆ.ಜಿ.ಗೆ ಇಳಿಯುತ್ತದೆ. ಆದರೆ ಚೈನಿನ ಗಾಡಿ ತಿರುಗುವುದು ಒಂದು ಕಡೆಯ ಚೈನ್ ತಡೆದು, ಇನ್ನೊಂದನ್ನು ಓಡಿಸಿ. ನೆಲಕ್ಕೆ ತಾಗುವ ಉದ್ದ, ಎರಡು ಚೈನುಗಳ ನಡುವಿನ ದೂರದ ಒಂದೂವರೆ ಪಟ್ಟಿನ ಆಸುಪಾಸು ಇದ್ದರೆ ಸಲೀಸು. 1.8 ಪಟ್ಟು ದಾಟಿದರೆ ತಿರುಗಲು ಒದ್ದಾಡುತ್ತದೆ. ಹಾಗಾಗಿ ಉದ್ದ ಬೆಳೆದರೆ ಅಗಲವೂ ಬೆಳೆಯಬೇಕು. ನಿಮ್ಮ ಗಾಡಿ ನಾಲ್ಕೂವರೆ ಮೀಟರ್ ಅಗಲ ಆಗುತ್ತದೆ. ಹಳ್ಳಿಯ ರಸ್ತೆಗಿಂತ ಅಗಲ. ರೈಲಿನ ಮೇಲೆ ಸಾಗಿಸಲು ಆಗುವುದಿಲ್ಲ. 57 ಟನ್‌ನ ಜರ್ಮನ್ ಟೈಗರ್‌ಗೂ ಇದೇ ಕಷ್ಟ ಬಂದಿತ್ತು. ಯುದ್ಧಕ್ಕೆ 72 ಸೆಂ.ಮೀ. ಅಗಲದ ಚೈನ್, ರೈಲಿಗೆ ಹತ್ತಿಸಲು 52 ಸೆಂ.ಮೀ.ನ ಬೇರೆ ಚೈನ್. ಪ್ರತಿ ಸಲ ಸಿಬ್ಬಂದಿ ಬಿಚ್ಚಿ ಹಾಕಬೇಕಿತ್ತು.

ಈಜುವ ವಿಷಯ. 120 ಟನ್ ತೇಲಬೇಕಾದರೆ 120 ಟನ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ನಿಮ್ಮ ಗಾಡಿಯ ಮೈ 9 ಮೀಟರ್ ಉದ್ದ, 4.5 ಮೀಟರ್ ಅಗಲ, 2 ಮೀಟರ್ ಎತ್ತರದ ಪೆಟ್ಟಿಗೆ ಅಂದುಕೊಂಡರೂ ಅದು ಪೂರ್ತಿ ಮುಳುಗಿದಾಗ ತಳ್ಳುವುದು 81 ಟನ್. ಉಳಿದ 39 ಟನ್ ತುಂಗಭದ್ರೆಯ ತಳಕ್ಕೆ ಎಳೆಯುತ್ತದೆ. 1971ರಲ್ಲಿ ಪೂರ್ವ ಬಂಗಾಳದ ನದಿ, ಕೆಸರಿನ ನಾಡಿನಲ್ಲಿ ನಮ್ಮ ಸೇನೆ ಪಿಟಿ-76 ಟ್ಯಾಂಕ್ ಬಳಸಿತು. ಅದು ನಿಜವಾಗಿ ಈಜುತ್ತಿತ್ತು. ತೂಕ 14 ಟನ್. ಕವಚ ಎಷ್ಟು ತೆಳು ಅಂದರೆ ದೊಡ್ಡ ಮೆಷಿನ್‌ಗನ್‌ಗೂ ಹೆದರಬೇಕು. ಈಜಿದ್ದಕ್ಕೆ ಕೊಟ್ಟ ಬೆಲೆ ಅದು.

ಹಾಗಾದರೆ ಭಾರದ ಟ್ಯಾಂಕ್ ನದಿ ದಾಟುವುದೇ ಬೇಡವಾ? ಬೇಕು. 1944ರ ಹೊತ್ತಿಗೆ ಜರ್ಮನಿ ‘ಮೌಸ್’ ಎಂಬ 188 ಟನ್ ಟ್ಯಾಂಕಿನ ಎರಡು ಮಾದರಿಗಳನ್ನು ಮಾಡಿತ್ತು. ಅದನ್ನು ಹೊರುವ ಸೇತುವೆ ಇರಲಿಲ್ಲ. ಅದಕ್ಕೆ ನದಿಯ ತಳದಲ್ಲೇ ನಡೆದುಕೊಂಡು ಹೋಗಬೇಕು ಅಂತ ಯೋಚಿಸಿದರು. ಮೌಸ್‌ನ ಚೈನನ್ನು ಓಡಿಸುತ್ತಿದ್ದದ್ದು ಕರೆಂಟಿನ ಮೋಟರ್. ನೀರಿನೊಳಗೆ ಎಂಜಿನ್ ಉಸಿರಾಡುವುದಿಲ್ಲ. ಹಾಗಾಗಿ ದಂಡೆಯ ಮೇಲೆ ನಿಂತ ಇನ್ನೊಂದು ಮೌಸ್ ಕೇಬಲ್ ಮೂಲಕ ಕರೆಂಟ್ ಕೊಡಬೇಕು. ಒಂದು ದಾಟಿದ ಮೇಲೆ ಆಚೆ ದಡದಿಂದ ಇದಕ್ಕೆ ಅದು ಕೊಡಬೇಕು. ನನ್ನ ಮಟ್ಟಿಗೆ ಇದು ಸುಮ್ನೆ ಈಜುವುದಕ್ಕಿಂತ ನೂರು ಪಾಲು ಒಳ್ಳೆಯ ಆಟ. ಎರಡು ಗಂಡಭೇರುಂಡ, ನಡುವೆ ತುಂಗಭದ್ರೆ, ನೀರಿನೊಳಗೆ ಒಂದು ಕೇಬಲ್. ಶತ್ರು ಕೇಬಲ್ ಕಡಿಯಲು ಬರುತ್ತಾನೆ. ಒಂದು ಇಡೀ ಲೆವೆಲ್ ಆಯಿತು, ಅಲ್ವಾ?

ವೇಗಕ್ಕೆ ಜಾಸ್ತಿ ಹೇಳುವುದಿಲ್ಲ. ಅರ್ಜುನ್ 1,400 ಹಾರ್ಸ್‌ಪವರ್ ಇಟ್ಟುಕೊಂಡು ರಸ್ತೆಯಲ್ಲಿ 70 ಕಿ.ಮೀ. ಮುಟ್ಟುತ್ತದೆ. ಟನ್ನಿಗೆ 24 ಬಿತ್ತು. ಅದೇ ಪ್ರಮಾಣ ನಿಮ್ಮ ಗಾಡಿಗೆ ಬೇಕಂದರೆ 2,900ರ ಹತ್ತಿರ ಹಾರ್ಸ್‌ಪವರ್. ಮೌಸ್‌ಗೆ ಟನ್ನಿಗೆ 6 ಚಿಲ್ಲರೆ ಇತ್ತು, ಓಟ ಗಂಟೆಗೆ 20 ಕಿ.ಮೀ. ಮುಂದಿನ ಶತಮಾನದ ಎಂಜಿನ್ ಅಂತ ನೀವು 40 ಕಿ.ಮೀ. ಕೊಟ್ಟರೆ ಯಾರೂ ಕೇಳುವುದಿಲ್ಲ. 90 ಕೊಟ್ಟರೆ ತೂಕದ ಭಾವವೇ ಹೋಗಿಬಿಡುತ್ತದೆ.

ನಿಮ್ಮ ಮೊದಲ ಗೆಳೆಯನಿಗೆ ಈ ಲೆಕ್ಕವೆಲ್ಲ ಖುಷಿ ಕೊಟ್ಟಿರಬಹುದು. ಈಗ ಎರಡನೆಯವನ ಪರ ಮಾತಾಡುತ್ತೇನೆ. ನಿಜವಾದ ಟ್ಯಾಂಕುಗಳ ಚರಿತ್ರೆ ಓದಿದವರು ಯಾರೂ ‘ಇಂಥದ್ದು ಇರಲು ಸಾಧ್ಯವೇ ಇಲ್ಲ’ ಅಂತ ಬೇಗ ಹೇಳುವುದಿಲ್ಲ. 1959ರಲ್ಲಿ ಸೋವಿಯತ್ ಎಂಜಿನಿಯರುಗಳು ಆಬ್ಜೆಕ್ಟ್ 279 ಎಂಬ 60 ಟನ್ ಟ್ಯಾಂಕ್ ಮಾಡಿದರು. ಮೈ ಮುಚ್ಚಿದ ಮರಿಗೆಯ ಹಾಗೆ ದುಂಡಗೆ. ಅಣುಬಾಂಬಿನ ಗಾಳಿಗೆ ಮಗುಚಬಾರದು ಅಂತ. ಹೊಟ್ಟೆಯ ಕೆಳಗೆ ಎರಡಲ್ಲ, ನಾಲ್ಕು ಚೈನ್. ಜೌಗು, ಹಿಮ ಎಲ್ಲಿ ಬೇಕಾದರೂ ಹೋಗಲಿ ಅಂತ. ಉಳಿದಿರುವ ಒಂದು ಮಾಸ್ಕೋ ಹತ್ತಿರದ ಕುಬಿಂಕಾ ಮ್ಯೂಸಿಯಂನಲ್ಲಿದೆ. ಅದರ ಫೋಟೊ ತೋರಿಸಿದರೆ ಹತ್ತರಲ್ಲಿ ಒಂಬತ್ತು ಜನ ಯಾವ ಗೇಮ್‌ದು ಅಂತ ಕೇಳುತ್ತಾರೆ. ಅದೂ ಬೆಲೆ ತೆತ್ತಿದೆ. ಚುರುಕಾಗಿ ತಿರುಗುವುದಿಲ್ಲ. ಒಳಗಿನ ಚೈನ್ ತುಂಡಾದರೆ ರಿಪೇರಿ ಮಾಡಲು ಕೈ ಹೋಗುವುದಿಲ್ಲ.

ಅಮೆರಿಕದ ಆಂಟೋಸ್ ಇನ್ನೊಂದು. 9 ಟನ್‌ನ ಚಿಕ್ಕ ಗಾಡಿ, ಅದರ ಮೇಲೆ 106 ಮಿ.ಮೀ.ನ ಆರು ನಳಿಗೆ. ವಿಯೆಟ್ನಾಂನಲ್ಲಿ ಮರೀನ್ ಪಡೆ ಬಳಸಿತು. ಅಷ್ಟು ಚಿಕ್ಕ ಗಾಡಿ ಆರು ಫಿರಂಗಿಯ ಒದೆತ ಹೇಗೆ ತಡೆಯಿತು? ಅವು ಒದೆಯದ ಫಿರಂಗಿಗಳು. ಅರ್ಧ ಬೆಂಕಿ ಹಿಂದಕ್ಕೇ ಹೋಗುತ್ತದೆ. ಹಾಗಾಗಿ ಹಿಂದೆ ನಿಂತವರು ಉಳಿಯುವುದಿಲ್ಲ. ಆರೂ ಗುಂಡು ಮುಗಿದ ಮೇಲೆ ಸಿಬ್ಬಂದಿ ಬಾಗಿಲು ತೆರೆದು, ಹೊರಗಿಳಿದು, ಗುಂಡಿನ ಮಳೆಯಲ್ಲಿ ನಿಂತು ತುಂಬಬೇಕು. ಒಬ್ಬ ಗೇಮ್ ಡಿಸೈನರ್ ಕೂತು ಬರೆದರೂ ಇಷ್ಟು ಚೆಂದದ ನಿಯಮ ಹೊಳೆಯುವುದು ಕಷ್ಟ. ಆರು ಹೊಡೆತ ಭಯಂಕರ, ಆಮೇಲೆ ಅರ್ಧ ನಿಮಿಷ ನೀವು ಅನಾಥ.

ಎಲ್ಲ ಹುಚ್ಚು ಯೋಚನೆಯೂ ಗೆದ್ದಿತು ಅಂತ ಅಲ್ಲ. 1915ರಲ್ಲಿ ರಷ್ಯದಲ್ಲಿ ‘ತ್ಸಾರ್ ಟ್ಯಾಂಕ್’ ಅಂತ ಮಾಡಿದರು. ಮುಂದೆ 9 ಮೀಟರ್ ಎತ್ತರದ ಎರಡು ಗಾಲಿ, ಹಿಂದೆ ಒಂದು ಸಣ್ಣದು. ಪರೀಕ್ಷೆಯಲ್ಲಿ ಆ ಸಣ್ಣ ಗಾಲಿ ಮೆತ್ತನೆ ನೆಲದಲ್ಲಿ ಹೂತಿತು. ಮುಂದಿನ ದೈತ್ಯ ಗಾಲಿಗಳಿಗೂ ಎಳೆಯಲು ಆಗಲಿಲ್ಲ. ವರ್ಷಗಟ್ಟಲೆ ಅಲ್ಲೇ ನಿಂತಿತ್ತು. ಆಮೇಲೆ ಗುಜರಿಗೆ ಹೋಯಿತು. ನೆಲದ ಒತ್ತಡದ ಲೆಕ್ಕ ಯಾಕೆ ಹೇಳಿದೆ ಅಂತ ಈಗ ಗೊತ್ತಾಗಿರಬೇಕು.

ತೀರಾ ಹೊಸದು ಬೇಕಾದರೆ ಉಕ್ರೇನ್ ಯುದ್ಧ ನೋಡಿ. 2024ರಲ್ಲಿ ರಷ್ಯದ ಕೆಲವು ಟ್ಯಾಂಕುಗಳ ಮೇಲೆ ತಗಡಿನ ಶೆಡ್ಡನ್ನೇ ಕಟ್ಟಿದ್ದರು. ಡ್ರೋನ್ ಬಂದು ಬಡಿದರೆ ಶೆಡ್ಡಿಗೆ ಬಡಿಯಲಿ ಅಂತ. ಆಮೆ ಟ್ಯಾಂಕ್ ಅಂತಲೇ ಹೆಸರು ಬಿತ್ತು. ಟರೆಟ್ ತಿರುಗುವುದಿಲ್ಲ, ಒಳಗಿದ್ದವರಿಗೆ ಅಕ್ಕಪಕ್ಕ ಕಾಣುವುದಿಲ್ಲ. ಹತ್ತು ವರ್ಷದ ಹಿಂದೆ ನಮ್ಮ ತಂಡದ ಹುಡುಗ ಯಾರಾದರೂ ಇದನ್ನು ಬರೆದು ತಂದಿದ್ದರೆ ನಾನೇ ವಾಪಸ್ ಕಳಿಸುತ್ತಿದ್ದೆ. ಈಗ ಆ ಧೈರ್ಯ ಇಲ್ಲ. ಯಾಕೆ ಹಾಗಿದೆ ಅಂತ ಮೊದಲು ಕೇಳುತ್ತೇನೆ.

ಗೇಮ್‌ಗೆ ತನ್ನದೇ ಅವಶ್ಯಕತೆಗಳೂ ಇವೆ. ಅವು ನಿಜಕ್ಕೆ ಎದುರು ನಿಲ್ಲುತ್ತವೆ. ಅಲ್ಲಿ ನಾನು ಆಟದ ಪಕ್ಷ. ಸೇನೆಗೆ ಟ್ಯಾಂಕ್ ಕಾಣಬಾರದು. ನಮಗೆ ಕಾಣಬೇಕು, ಅದೂ ಅರೆಗಳಿಗೆಯಲ್ಲಿ. ಮೇಲಿನಿಂದ ನೋಡುವ ಆಟದಲ್ಲಿ ಟ್ಯಾಂಕ್ ಅಂದರೆ ಹೆಬ್ಬೆರಳ ಉಗುರಿನಷ್ಟು ಚಿತ್ರ. ಅಲ್ಲಿ ನಳಿಗೆಯನ್ನು ಒಂದೂವರೆ ಪಟ್ಟು ದಪ್ಪ ಮಾಡಿದರೆ ತಪ್ಪೇನೂ ಇಲ್ಲ. ದೂರಗಳೂ ಹಾಗೆ. ನಿಜವಾದ ಟ್ಯಾಂಕ್ ಎರಡು ಕಿ.ಮೀ. ಆಚೆಗೆ ಗುಂಡು ಹೊಡೆಯುತ್ತದೆ. ಪರದೆಯಲ್ಲಿ ಅಷ್ಟು ದೂರದ ಶತ್ರು ಒಂದು ಚುಕ್ಕಿ. ವರ್ಲ್ಡ್ ಆಫ್ ಟ್ಯಾಂಕ್ಸ್‌ನಲ್ಲಿ ಸಿಬ್ಬಂದಿಯ ಕಣ್ಣು ಹೋಗುವುದು ಹೆಚ್ಚೆಂದರೆ 445 ಮೀಟರ್. ಇದು ಸುಳ್ಳು. ಆದರೆ ಇಲ್ಲದಿದ್ದರೆ ಆಟವೇ ಇಲ್ಲ.

ಒಳ್ಳೆಯ ಕಲ್ಪನೆ ನಿಜದಲ್ಲಿ ಇರುವುದನ್ನೇ ಹಿಗ್ಗಿಸಿ ತೋರಿಸುತ್ತದೆ ಅಂತ ನಾನು ನಂಬಿದ್ದೇನೆ. 1998ರ ಸ್ಟಾರ್‌ಕ್ರಾಫ್ಟ್‌ನಲ್ಲಿ ಒಂದು ಸೀಜ್ ಟ್ಯಾಂಕ್ ಬರುತ್ತದೆ. ಓಡಾಡುವಾಗ ಸಾಧಾರಣ. ನಿಂತು, ಕಾಲು ಚಾಚಿ, ನೆಲಕ್ಕೆ ಊರಿಕೊಂಡರೆ ತುಂಬ ದೂರಕ್ಕೆ ಹೊಡೆಯುತ್ತದೆ. ಊರಿದ ಮೇಲೆ ಅಲುಗುವ ಹಾಗಿಲ್ಲ. ಕೇಳಲು ಕಟ್ಟುಕಥೆ. ಆದರೆ ನಿಜವಾದ ದೊಡ್ಡ ಫಿರಂಗಿ ಗಾಡಿಗಳೂ, ಅಮೆರಿಕದ ಎಂ-107ರ ಹಾಗೆ, ಹಿಂದುಗಡೆ ದೊಡ್ಡ ಸಲಿಕೆಯನ್ನು ಮಣ್ಣಿಗೆ ಊರಿಯೇ ಹೊಡೆಯುತ್ತವೆ. ಒದೆತ ತಡೆಯಲು. ಆಟ ಆ ಸಲಿಕೆಯನ್ನು ಹಿಗ್ಗಿಸಿ ಒಂದು ಇಡೀ ತಂತ್ರ ಮಾಡಿತು. 2008ರ ವಾಲ್ಕೈರಿಯಾ ಕ್ರಾನಿಕಲ್ಸ್‌ನಲ್ಲಿ ಟ್ಯಾಂಕಿನ ಬೆನ್ನ ಮೇಲೆ ನೀಲಿಯಾಗಿ ಹೊಳೆಯುವ ರೇಡಿಯೇಟರ್ ಇದೆ. ಅಲ್ಲಿ ಹೊಡೆದರೆ ಟ್ಯಾಂಕ್ ಮುಗಿಯಿತು. ನಿಜದ ಟ್ಯಾಂಕಿಗೂ ಹಿಂಭಾಗವೇ ಮೆತ್ತಗೆ, ಎಂಜಿನ್ ಉಸಿರಾಡಬೇಕಲ್ಲ. ಅದಕ್ಕೆ ನೀಲಿ ಬಣ್ಣ ಕೊಟ್ಟದ್ದು ಕಲಾವಿದರು. ಟ್ಯಾಂಕ್ ಬಗ್ಗೆ ಏನೂ ಗೊತ್ತಿಲ್ಲದ ಹುಡುಗಿಯೂ ಮೊದಲ ನಿಮಿಷದಲ್ಲೇ ಬೆನ್ನಿನ ಕಡೆ ಸುತ್ತು ಹಾಕುತ್ತಾಳೆ.

ಒಂದು ಎಚ್ಚರಿಕೆ. ಆಟಗಾರನಿಗೆ ನೀವು ಕೊಟ್ಟ ಮಾತು ಯಾವುದು ಅನ್ನುವುದನ್ನು ಮರೆಯಬೇಡಿ. ‘ಇದು ನಿಜವಾದ ಟ್ಯಾಂಕುಗಳ ಆಟ’ ಅಂತ ಹೇಳಿ ಮಾರಿದರೆ ಅಳತೆ ಬೇರೆ. ವಾರ್ ಥಂಡರ್ ಎಂಬ ಆಟ 2019ರಲ್ಲಿ ಪ್ಯಾಂಥರ್-2ರಂಥ ಕೆಲವು ಜರ್ಮನ್ ಟ್ಯಾಂಕುಗಳನ್ನು ಹೊಸಬರಿಗೆ ಸಿಗದ ಹಾಗೆ ತೆಗೆಯಿತು. ಆಟದಲ್ಲಿದ್ದ ಆ ರೂಪದಲ್ಲಿ ಅವು ಎಂದೂ ಇರಲಿಲ್ಲ ಅನ್ನುವ ಕಾರಣಕ್ಕೆ. ಅದೇ ಆಟದ ಅಭಿಮಾನಿಯೊಬ್ಬ 2021ರಲ್ಲಿ ಬ್ರಿಟನ್ನಿನ ಚಾಲೆಂಜರ್-2 ಟ್ಯಾಂಕಿನ ಅಳತೆ ಸರಿಯಿಲ್ಲ ಅಂತ ವಾದಿಸಲು ಗುಪ್ತ ಕೈಪಿಡಿಯ ಪುಟಗಳನ್ನೇ ಹಾಕಿಬಿಟ್ಟ. ಇಂಥ ಹಟಕ್ಕೆ ಯಾವತ್ತೂ ಬೀಳಬೇಡಿ. ನಿಮ್ಮ ಊರಿನ ಹಿರಿಯರಿಗೂ ಸೇನೆಯ ಒಳಗಿನ ಸಂಗತಿ ಕೇಳಿ ಪೇಚಿಗೆ ಸಿಕ್ಕಿಸಬೇಡಿ. ಎಲ್ಲರಿಗೂ ತೆರೆದಿರುವ ಮಾಹಿತಿಯೇ ಬೇಕಾದಷ್ಟಿದೆ. ಅರ್ಜುನ್ ಟ್ಯಾಂಕನ್ನೇ ಸ್ವಲ್ಪ ಬದಲಿಸಿ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಅರ್ಜುನ್ ಅಂದ ಮೇಲೆ ಜನ ಅರ್ಜುನ್‌ನ ಅಳತೆ ಕೇಳುತ್ತಾರೆ. ಮುಂದಿನ ಶತಮಾನದ ಗಂಡಭೇರುಂಡವನ್ನು ಯಾವ ಪುಸ್ತಕದ ಜೊತೆಗೂ ತಾಳೆ ನೋಡಲು ಆಗುವುದಿಲ್ಲ. ಆ ಸ್ವಾತಂತ್ರ್ಯವನ್ನು ಕೈಯಾರೆ ಬಿಟ್ಟುಕೊಡಬೇಡಿ.

ಸಾಧ್ಯವಾದರೆ ಒಂದು ನಿಜವಾದ ಟ್ಯಾಂಕಿನ ಪಕ್ಕ ಹೋಗಿ ನಿಲ್ಲಿ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ಅಂಗಳದಲ್ಲಿ ಟಿ-55 ಇದೆ. ಈಗ ಅಹಿಲ್ಯಾನಗರ ಅನ್ನುವ ಅಹಮದ್‌ನಗರದಲ್ಲಿ ಟ್ಯಾಂಕುಗಳದ್ದೇ ಮ್ಯೂಸಿಯಂ ಇದೆ. ಹ್ಯಾಚ್, ಅಂದರೆ ಒಳಗಿಳಿಯುವ ಬಾಗಿಲು, ಎಷ್ಟು ಚಿಕ್ಕದು ಅಂತ ನೋಡಿ. ಒಬ್ಬರು ಭುಜ ಮುದುಡಿಕೊಂಡು ಇಳಿಯುವಷ್ಟು. ನಿಮ್ಮ ಚಿತ್ರದಲ್ಲಿ ಹ್ಯಾಚ್ ಬಾವಿಯ ಬಾಯಿಯ ಹಾಗಿದೆ. ಅದರಿಂದಲೇ 120 ಟನ್ ಗಾಡಿ ಆಟಿಕೆಯ ಹಾಗೆ ಕಾಣುತ್ತಿದೆ. ಹ್ಯಾಚ್ ಚಿಕ್ಕದು ಮಾಡಿ, ಹತ್ತಲು ಒಂದು ಮೆಟ್ಟಿಲು, ಹಿಡಿಯಲು ಒಂದು ಸರಳು, ಪಕ್ಕಕ್ಕೆ ಒಂದು ಸಲಿಕೆ, ಎಳೆಯುವ ಕೇಬಲ್ ಹಾಕಿ. ಗಾಡಿ ತಾನಾಗಿ ದೊಡ್ಡದಾಗುತ್ತದೆ. ದೂರ ಹೋಗಲು ಆಗದಿದ್ದರೆ ಊರಿನಲ್ಲಿ ಕೆರೆ ಹೂಳೆತ್ತುವ ಪೊಕ್ಲೇನನ್ನು ಒಂದು ಮಧ್ಯಾಹ್ನ ನೋಡಿ. ಹೊರಡುವ ಮೊದಲು ಹೇಗೆ ಒಮ್ಮೆ ಜಗ್ಗುತ್ತದೆ, ನಿಂತ ಮೇಲೆ ಹೇಗೆ ತೂಗುತ್ತದೆ, ತಿರುಗುವಾಗ ಚೈನ್ ಮಣ್ಣನ್ನು ಹೇಗೆ ಕೆರೆದು ಗುಡ್ಡೆ ಹಾಕುತ್ತದೆ. ತೂಕವನ್ನು ಆಟಗಾರ ಓದುವುದು ಈ ತಡ, ಈ ತೂಗಾಟದಲ್ಲಿ. ನಿಮ್ಮ ಅನಿಮೇಷನ್‌ನಲ್ಲಿ ಗಂಡಭೇರುಂಡ ಬಟನ್ ಒತ್ತಿದ ಕೂಡಲೇ ಪೂರ್ತಿ ವೇಗಕ್ಕೆ ಹೋಗುತ್ತದೆ. ಅಲ್ಲಿ ಒಂದು ಉಸಿರಿನಷ್ಟು ತಡ ಹಾಕಿ ನೋಡಿ.

ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ. ಬೇಕಾದ್ದು ತೆಗೆದುಕೊಳ್ಳಿ, ಬೇಡವಾದ್ದು ಬಿಡಿ.

ಕೆಳಗೆ ನಾಲ್ಕು ಚೈನ್ ಹಾಕುತ್ತಿದ್ದೆ. ಪ್ರತಿಯೊಂದೂ 60 ಸೆಂ.ಮೀ. ಅಗಲ, ನೆಲಕ್ಕೆ 6 ಮೀಟರ್ ತಾಗಲಿ. ಒತ್ತಡ 0.83ಕ್ಕೆ ಇಳಿಯುತ್ತದೆ, ಅರ್ಜುನ್‌ನಷ್ಟೇ. ಮಳೆಗಾಲದ ಎರೆ ಹೊಲದಲ್ಲಿ ಬೇರೆ ಗಾಡಿಗಳು ಸಿಕ್ಕಿಬಿದ್ದಾಗ ಇದು ಮಾತ್ರ ನಿಧಾನವಾಗಿ ಹೋಗುತ್ತದೆ. ಆದರೆ ಚೈನುಗಳ ನಡುವೆ ಮಣ್ಣು ಮೆತ್ತಿಕೊಳ್ಳುತ್ತದೆ. ಆಗಾಗ ನಿಲ್ಲಿಸಿ ಸಿಬ್ಬಂದಿ ಇಳಿದು ಕೆರೆಯಬೇಕು. ನೇಗಿಲಿಗೆ ಮೆತ್ತಿದ ಮಣ್ಣು ಕೆರೆಯುವ ಹಾಗೆ. ನಿಂತಲ್ಲೇ ತಿರುಗುವುದು ಬೇಡ. ಊರೊಳಗಿನ ಓಣಿಗೆ ಬರುವುದೂ ಬೇಡ, ಅಲ್ಲಿ ಶತ್ರುವಿಗೆ ಜಾಗ ಇರಲಿ.

ಟರೆಟ್ ವಿಷಯಕ್ಕೆ ಬರೋಣ. ಒಂದಕ್ಕಿಂತ ಜಾಸ್ತಿ ಟರೆಟ್ ಇಟ್ಟವರು ಇದ್ದಾರೆ. 1926ರಲ್ಲಿ ಬ್ರಿಟನ್ ‘ಇಂಡಿಪೆಂಡೆಂಟ್’ ಅಂತ ಐದು ಟರೆಟ್‌ನದು ಮಾಡಿತು, ಒಂದೇ ಒಂದು. ಈಗ ಬೋವಿಂಗ್ಟನ್ ಮ್ಯೂಸಿಯಂನಲ್ಲಿದೆ. ಸೋವಿಯತ್ ದೇಶ ಐದು ಟರೆಟ್‌ನ ಟಿ-35 ಅನ್ನು 60ರಷ್ಟು ಮಾಡಿತು. 1941ರಲ್ಲಿ ಅವುಗಳಲ್ಲಿ ಹೆಚ್ಚಿನವು ಶತ್ರುವಿನ ಗುಂಡಿಗಿಂತ ಮೊದಲು ಕೆಟ್ಟು ನಿಂತೇ ಹೋದವು. ಒಬ್ಬ ಕಮಾಂಡರ್ ಐದು ಕಡೆ ನೋಡಿ, ಐದು ಕಡೆಗೆ ಆಜ್ಞೆ ಕೊಡಲು ಆಗುವುದಿಲ್ಲ ಅನ್ನುವುದು ಅಲ್ಲಿನ ದೊಡ್ಡ ಪಾಠ. ನಿಮ್ಮ ಚಿತ್ರದಲ್ಲಿ ಎರಡೂ ಟರೆಟ್ ಮುಂದಕ್ಕೇ ನೋಡುತ್ತಿವೆ. ಆಗ ‘ಒಂದೇ ದೊಡ್ಡದು ಇಡಬಾರದಿತ್ತಾ’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಆದರೆ ನಮ್ಮ ಗಂಡಭೇರುಂಡವನ್ನೇ ನೋಡಿ. ಸರ್ಕಾರಿ ಲಾಂಛನದಲ್ಲಿ ದಿನಾ ಕಾಣುತ್ತೇವೆ. ಅದರ ಎರಡು ತಲೆ ಎರಡು ಕಡೆ ನೋಡುತ್ತವೆ. ನಿಮ್ಮ ಟ್ಯಾಂಕ್ ಕೂಡ ಹಾಗಿರಲಿ. ಒಂದು ಟರೆಟ್ ಎಡದ ಅರ್ಧ ಕಾಯಲಿ, ಇನ್ನೊಂದು ಬಲದ ಅರ್ಧ. ಸುತ್ತುವರಿದು ಸಿಕ್ಕಿಬಿದ್ದಾಗ ಹೋರಾಡಲೆಂದೇ ಹುಟ್ಟಿದ ಗಾಡಿ ಅಂತ ಕಥೆಯಲ್ಲಿ ಬರೆಯಿರಿ. ಎರಡು ಟರೆಟ್‌ಗೆ ಈಗ ಕಾರಣ ಸಿಕ್ಕಿತು. ಬೆಲೆಯೂ ಸಿಕ್ಕಿತು. ನೇರ ಎದುರಿನ ಒಂದೇ ಶತ್ರುವಿಗೆ ಎರಡೂ ಸೇರಿ ಹೊಡೆಯುವುದು ಕಷ್ಟ. ಒಂದೇ ಪಕ್ಕದಿಂದ ಬಂದವನ ಎದುರು ಅರ್ಧ ಟ್ಯಾಂಕ್ ಸುಮ್ನೆ ಕೂತಿರುತ್ತದೆ. ಹಟ ಹಿಡಿದು ಎರಡನ್ನೂ ಒಟ್ಟಿಗೆ ಮುಂದಕ್ಕೆ ಹೊಡೆದರೆ ಇಡೀ ಗಾಡಿ ಹಿಂದಕ್ಕೆ ಜಗ್ಗಲಿ, ಮೂರು ಸೆಕೆಂಡ್ ಗುರಿ ತಪ್ಪಲಿ.

ಈ ಜೋಡಿ ಫಿರಂಗಿ ಕೂಡ ಬರೀ ಕನಸಲ್ಲ. 1970ರ ದಶಕದಲ್ಲಿ ಪಶ್ಚಿಮ ಜರ್ಮನಿ ವಿಟಿ-1 ಎಂಬ ಪ್ರಯೋಗದ ಗಾಡಿಗೆ ಎರಡು ಫಿರಂಗಿ ಇಟ್ಟಿತ್ತು. ಟರೆಟ್ಟನ್ನೇ ತೆಗೆದು ಜಾಗ ಮಾಡಿಕೊಂಡಿತ್ತು. ಹಾವಿನ ಹಾಗೆ ಅಂಕುಡೊಂಕಾಗಿ ಓಡುತ್ತಾ, ಯಾವ ನಳಿಗೆ ಗುರಿಗೆ ನೇರ ಬಂತೋ ಅದು ಹೊಡೆಯಬೇಕು ಅನ್ನುವ ಯೋಚನೆ. ಸೈನ್ಯಕ್ಕೆ ಬರಲಿಲ್ಲ. ನಿಮ್ಮ ಆಟದ ಶತ್ರು ಪಕ್ಷಕ್ಕೆ ಅಂಥದ್ದೊಂದು ಹಗುರ ಗಾಡಿ ಕೊಟ್ಟರೆ ಗಂಡಭೇರುಂಡಕ್ಕೆ ಒಳ್ಳೆಯ ಜೋಡಿ.

ಮುಂದಿನ ಸಲ ಚಿತ್ರ ಕಳಿಸುವಾಗ ಬಣ್ಣ, ಬೆಳಕು, ಬೆಂಕಿ ಏನೂ ಬೇಡ. ಹಲಸಿನ ಹಣ್ಣನ್ನು ಉದ್ದಕ್ಕೆ ಸೀಳಿದ ಹಾಗೆ ಗಾಡಿಯನ್ನು ಸೀಳಿ, ಒಳಗಿನ ನೋಟ ಒಂದು ಬರೆಯಿರಿ. ಎಂಜಿನ್ ಎಲ್ಲಿ, ಗುಂಡು ಎಲ್ಲಿ, ಎರಡು ಬ್ರೀಚ್ ಹಿಂದಕ್ಕೆ ಒದ್ದಾಗ ಒಂದಕ್ಕೊಂದು ತಾಗುತ್ತವಾ ನೋಡಿ. ಸಿಬ್ಬಂದಿ ಎಲ್ಲಿ ಕೂತಿದ್ದಾರೆ, ಕಾಲು ಎಲ್ಲಿಟ್ಟಿದ್ದಾರೆ ಅಂತ ತೋರಿಸಿ. ನನಗೆ ಕಳಿಸುವ ಮೊದಲು ಅದನ್ನು ನಿಮ್ಮೂರಿನ ಹಿರಿಯರ ಹತ್ತಿರ ಒಯ್ಯಿರಿ.